ಕೂಗುಮಂದಿ

ಕೂಗುಮಂದೀನ ಹುಟ್ಟಿಸಿದಾಕಿ ನಾನ. ಈಗ ಚಿಕ್ಕೇರೂರಾಗ ಯಾರನ್ನರ ಕೇಳ್ರಿ, ಅವು ಅಜ್ಜ ಮುತ್ತಜ್ಜನ ಕಾಲದಿಂದ ಅದಾವು ಅಂತಾರ. ಏನ್ ಸುಳ್ಳ್ರೀ ಯಪ್ಪಾ! ಎಂಬತ್ತೆರಡನೇ ಇಸ್ವಿಯೊಳಗ, ಕರಿಬಸಪ್ಪ ಗೌಡ್ರ ಹತ್ತಿ ಹೊಲದಾಗ, ಹಾಡಹಗಲ, ಬಾಯಿ ತುಂಬ ಎಲಿ ಅಡಿಕಿ ಹಾಕ್ಕೊಂಡು ಹುಟ್ಟಿಸೇನಿ. ಹುಟ್ಟಿಸಿದಾಕಿ ಇನ್ನೂ ಜೀವಂತ ಇರೂವಾಗ ಮುತ್ತಜ್ಜನ್ನ ಯಾಕ ನಡುವ ಎಳೀತೀರಿ?

ಆಗ ನಮ್ಮ ಹಿರೇಕೆರೂರ ತಾಲೂಕಿನ್ಯಾಗ ಬೀಜದ ಹತ್ತಿ ಹೊಸದು. ಆ ಕೆಲಸಕ್ಕ ಕ್ರಾಸಿಂಗ್ ಅಂತಿದ್ರು. ಮಧ್ಯಾಹ್ನದ ಮ್ಯಾಲೆ ಹೆಣ್ಣು ಸಾಲಿನ ಮೊಗ್ಗಿ ಉಗುರಿಲೆ ಬಿಡಿಸಿ, ಒಳಗಿನ ಗಂಡು ಪುಡಿ ತಗದು ಒಗದು, ಮ್ಯಾಲೆ ಕೆಂಪು ಕಾಗದದ ಟೊಪಗಿ ಹಾಕಬೇಕು. ಮರುದಿನ ಮುಂಜಾನೆ ಬ್ಯಾರೆ ಜಾತಿ ಹತ್ತಿಯ ಗಂಡು ಹೂವು ತಂದು, ಟೊಪಗಿ ತಗದು, ಹೆಣ್ಣಿಗೆ ತೀಡಬೇಕು. ಹಂಗ ಹೊಸ ಜಾತಿ ಹುಟ್ಟತಿತ್ತು. ಗಿಡ ಎದಿಮಟ ಬೆಳದಿರತಿದ್ವು. ಬಗ್ಗಿ ಕೆಲಸಕ್ಕ ಹತ್ತಿದ್ರ ಬಾಜೂ ಸಾಲಿನಾಕಿ ಕಾಣತಿರಲಿಲ್ಲ, ಆಕಿ ದನಿ ಅಷ್ಟ ಕೇಳತಿತ್ತು.

ನಾವು ಮೂವರು ಒಂದ ಗುಂಪು. ಭರಮವ್ವ ಎಲ್ಲಾರಿಗಿಂತ ದೊಡ್ಡಾಕಿ, ಮೊಮ್ಮಕ್ಕಳನ್ನ ಕಂಡಾಕಿ. ನಾವು ಭರಮಕ್ಕ ಅಂತಿದ್ವಿ. ಗುತ್ತೆವ್ವ ಸಣ್ಣಾಕಿ, ಎಳೀ ಬಾಣಂತಿ. ಹೊಲದ ಬದುವಿನ ಬೇವಿನ ಗಿಡಕ್ಕ ಹಳೀ ಸೀರಿ ಜೋಳಿಗಿ ಕಟ್ಟಿ ಕೂಸನ್ನ ಮಲಗಿಸಿ ಕೆಲಸ ಮಾಡತಿದ್ಲು. ನಡುವಿನಾಕಿ ನಾನು. ನನ್ನ ಬಾಯಿ ಹೆಂಗಿತ್ತಂದ್ರ, ಗೌಡ್ರು ಬದುವಿನ ಮ್ಯಾಲೆ ನಿಂತು, "ಶಂಕ್ರಿ, ಬಾಯಿ ಕಡಿಮಿ ಮಾಡಬೇ, ಕೈ ಜೋರು ಮಾಡು" ಅಂತ ದಿನಾ ಒದರತಿದ್ರು. "ಬಾಯಿ ನಿಂತ್ರ ಕೈನೂ ನಿಲ್ಲತಾವ್ರಿ" ಅಂತಿದ್ದೆ. ಅದು ಖರೇನ ಇತ್ತು.

ಆಟ ಶುರು ಆಗಿದ್ದು ಮೊಗ್ಗಿ ನೋಡಿ. ಹತ್ತಿ ಮೊಗ್ಗಿಯ ಹೊರಗಿನ ಎಲಿ ಚೂಪ ಇರತೈತಿ ನೋಡ್ರಿ, ಥೇಟ್ ಕಿವಿ ಹಂಗ. "ಇಂಥಾ ಚೂಪಗಿವಿ ಇರೋ ಮಂದಿ ಎಲ್ಲೋ ಒಂದು ಸೀಮ್ಯಾಗ ಅದಾರ, ನಮಗಿಂತ ಭಾಳ ವರ್ಷ ಬದಕತಾರ" ಅಂದೆ. ಭರಮಕ್ಕ ತನ್ನ ಸಾಲಿನಿಂದನ, "ಹೌದ ಹೌದ, ಬೆಳ್ಳಗ, ಎತ್ತರಕ, ಉದ್ದ ಕೂದಲ ಬಿಟಗೊಂಡು, ಬಂಗಾರದಂಗ ಇರತಾರ" ಅಂದ್ಲು. ನನಗ ಸಿಟ್ಟು ಬಂತು. "ಎಲ್ಲಾರೂ ಬೆಳ್ಳಗ ಯಾಕಿರಬೇಕಬೇ? ಒಂದ ಹತ್ತ್ಯಾಗ ಇಷ್ಟು ಜಾತಿ ಅದಾವು, ಅವರೊಳಗ ಒಂದ ಬಣ್ಣ ಏನು? ಬರೇ ಕಿವಿ ಚೂಪ ಮಾಡಿದ್ರ ಒಂದು ಮಂದಿ ಆಗಂಗಿಲ್ಲ. ಏನು ತಿಂತಾರ, ಹೆಂಗ ಸಾಯತಾರ, ಯಾವುದಕ್ಕ ಅಂಜತಾರ, ಅದನ್ನ ಮೊದಲ ಹೇಳಬೇಕು" ಅಂದೆ.

ಹಂಗ ಒಂದೊಂದ ಮಂದಿ ಹುಟ್ಟಿದ್ರು. ಹತ್ತಿಮಂದಿ ಮೊದಲಿನವರು. ಮೈ ಹಗರು, ಗಾಳಿ ಬಿಟ್ಟ ಕಡೆ ಹೋಗತಾರ, ಕಿಡಿ ಕಂಡ್ರ ಜೀವ ಬಿಡತಾರ, ಅದಕ್ಕ ಒಲಿ ಹಚ್ಚಂಗಿಲ್ಲ, ಎಲ್ಲಾ ಹಸೀದ ತಿಂತಾರ. "ಒಲಿ ಇಲ್ಲಂದ್ರ ನಾ ಅವರೊಳಗಿನಾಕಿ ಆಗತೇನಿ" ಅಂತ ಭರಮಕ್ಕ ಓಡಿಬಂದು ಸೇರಿದ್ಲು. ಗುಡ್ಡದಮಂದಿ ಕಲ್ಲು ನೆಕ್ಕಿ ಬದಕತಾರ, ಅವಸರ ಅಂದ್ರ ಏನಂತ ಗೊತ್ತಿಲ್ಲ. ಇವತ್ತು ಒಂದು ಮಾತು ಕೇಳಿದ್ರ ಉತ್ತರ ನಿನ್ನ ಮೊಮ್ಮಗಳಿಗೆ ಹೇಳತಾರ. ಕೆರಿಮಂದಿ ಹಸೀ ಎರಿಮಣ್ಣಿನಂಗ ಕಪ್ಪು, ಕಣ್ಣಿಗೆ ರೆಪ್ಪಿ ಇಲ್ಲ. ಬ್ಯಾಸಗ್ಯಾಗ ನೀರು ಬತ್ತಿದಂಗ ಅವರ ನೆನಪೂ ಬತ್ತತೈತಿ, ಮಳಿ ಬಂದ ಮ್ಯಾಲೆ ಎಲ್ಲಾ ಹೊಸದಾಗಿ ಕಲೀತಾರ.

ಗುತ್ತೆವ್ವ ಕೆರಿಮಂದಿ ಆರಿಸಿಕೊಂಡ್ಲು. ಆದ್ರ ಒಂದು ತಕರಾರು ತಗದ್ಲು. "ಶಂಕ್ರಕ್ಕಾ, ಎಲ್ಲಾ ಮರೀಲಿ, ಕೂಸಿನ ಹೆಸರು ಅಷ್ಟು ಇರಲಿ." "ಇರಂಗಿಲ್ಲ. ಕಾಯಿದೆ ಅಂದ್ರ ಕಾಯಿದೆ." ಆಕಿ ಎದ್ದು ಹೋಗಿ ಕೂಸಿನ ಜೋಳಿಗಿ ತೂಗಿಕೊಂತ ನಿಂತ್ಲು. ಕೊನೀಗೆ ನಾನ ಸೋತು, "ಆತಬೇ, ಕೂಸಿನ ಹೆಸರು ಇರತೈತಿ" ಅಂದೆ. ನಾ ಆಟದಾಗ ಸೋತಿದ್ದು ಅದೊಂದ ಸಲ.

ಆಟ ಹೆಂಗಂದ್ರ, ಸಾಲಿನ್ಯಾಗ ಬಗ್ಗಿಕೊಂಡ ನಾ ಕೇಳತಿದ್ದೆ: "ಗುತ್ತೆವ್ವಾ, ನೀ ಕೆರಿ ಏರಿ ಮ್ಯಾಲೆ ನಿಂತಿ. ಹತ್ತಿಮಂದಿಯಾಕಿ ಗಾಳಿಗೆ ಹಾರಿ ಬಂದು ನೀರಾಗ ಬಿದ್ಲು, ತೊಯ್ದು ಮುಳುಗಾಕತ್ತಾಳ. ಏನ್ ಮಾಡತಿ?" ಆಕಿ ಏನು ಮಾಡತೇನಿ ಅಂತಿದ್ಲೋ ಅದು ಆಗತೈತೋ ಇಲ್ಲೋ ಅಂತ ರೊಟ್ಟಿ ತಿನ್ನೂವಾಗ ಒಡದ ಹುಣಸಿಬೀಜ ಒಗದು ನೋಡತಿದ್ವಿ. ಬಿಳೀ ಮಗ್ಗಲ ಬಿದ್ರ ಆತು, ಕರೀ ಮಗ್ಗಲ ಬಿದ್ರ ಕೆಡತು. ದಿನ ಹೋದದ್ದ ಗೊತ್ತಾಗತಿರಲಿಲ್ಲ.

ಆದ್ರ ಬರಬರತಾ ಆಟ ಸಪ್ಪ ಆತು. ಹತ್ತಿ, ಗುಡ್ಡ, ಕೆರಿ, ಈ ಮೂರೂ ಮಂದಿ ಒಬ್ಬರಿಗೊಬ್ಬರು ಬೀಗರಂಗ ಆಗಿಬಿಟ್ರು, ಉಪ್ಪಿಲ್ಲದ ಸಾರು. ಅಂಜಿಕಿ ಬೇಕಲ್ಲ! ಹೊಲದ ಆಕಡಿ ತುದ್ಯಾಗ, ಆ ಬೇವಿನ ಗಿಡದ ಮಗ್ಗಲ, ಒಂದು ಹಾಳಬಾವಿ ಇತ್ತು, ಪಾವಟಿಗಿ ಕುಸದು, ಸುತ್ತ ಲಂಟಾನ ಕಂಟಿ ಬೆಳದಿತ್ತು. ಅದನ್ನ ನೋಡಿ ನಾ ಕೂಗುಮಂದೀನ ಹುಟ್ಟಿಸಿದೆ. ಅವರ ಕಿವಿ ಎಲ್ಲಾರ ಕಿವಿಗಿಂತ ಉದ್ದ. ಹಾಳಬಾವ್ಯಾಗ ಕುಂತು ಊರ ಮಾತೆಲ್ಲಾ ಕೇಳತಾರ. ನಿನಗ ಬೇಕಾದವರ ದನಿಲೆ ನಿನ್ನ ಹೆಸರು ಹಿಡದು ಕೂಗತಾರ. ನೀ "ಓ" ಅಂದ್ರ ಮುಗೀತು. ನೀ ಬಾವ್ಯಾಗ ಇಳೀತಿ, ಅದು ನಿನ್ನ ಮಾರಿ ಹೊತಗೊಂಡು ಮ್ಯಾಲೆ ಬಂದು ನಿನ್ನ ಮನಿಗೆ ಹೋಗತೈತಿ.

"ಅದಕ್ಕೇನು" ಅಂದ್ಲು ಭರಮಕ್ಕ. "ಮೂರನೇ ಸಲ ಕೂಗೂತನ ತಡದ್ರಾತು." ನಮ್ಮ ಕಡೆ ಹೊತ್ತು ಮುಳುಗೂವಾಗ ಹೊರಗಿಂದ ಯಾರರ ಕೂಗಿದ್ರ ಲಗೂನ ಓ ಅನ್ನಂಗಿಲ್ಲ. ದೆವ್ವ ಮೂರ ಸಲ ಕೂಗಂಗಿಲ್ಲ ಅಂತ ನಂಬಿಕಿ.

"ನನ್ನ ಕೂಗುಮಂದಿ ಬೇಕಾದಷ್ಟ ಸಲ ಕೂಗತಾರ" ಅಂದೆ.

"ನಮ್ಮವ್ವನ ಹೆಸರು ಕೇಳತೇನಿ" ಅಂದ್ಲು ಗುತ್ತೆವ್ವ.

"ನಿಮ್ಮವ್ವನ ಹೆಸರೂ ಗೊತ್ತು, ನಿನ್ನ ಗಂಡ ಹಾಸಿಗ್ಯಾಗ ಏನು ಗೊಣಗತಾನ ಅದೂ ಗೊತ್ತು."

"ಥೂ, ನಿನ್ನ ಬಾಯಿಗಿಷ್ಟು!" ಭರಮಕ್ಕ ನಕ್ಕೋತ ಕೇಳಿದ್ಲು, "ಬೈದ್ರ?"

"ತಿರುಗಿ ಬೈತಾರ. ಅಳತಾರ. ಇದೆಲ್ಲಾ ಬರೇ ಆಟ, ಸುಳ್ಳು ಅಂತನೂ ಹೇಳತಾರ."

"ಹಂಗಾರ ಗುರುತ ಹಿಡಿಯೋದು ಹೆಂಗ?"

"ಹಿಡಿಯಾಕ ಬರಂಗಿಲ್ಲ."

ಎಷ್ಟು ಹಿಗ್ಗು ನನಗ! ಒಂದೂ ಕಿಂಡಿ ಬಿಡದಂಗ ಕಟ್ಟಿದ್ದೆ. ಗುತ್ತೆವ್ವನ ಸಾಲಿನಿಂದ ಸಣ್ಣ ದನಿ ಬಂತು. "ಅದು ನನ್ನ ಮಾರಿ ಹೊತಗೊಂಡು ಹೋಗಿ ಕೂಸಿಗೆ ಮೊಲಿ ಕೊಟ್ರ, ಕೂಸಿಗೂ ಗೊತ್ತಾಗಂಗಿಲ್ಲೇನು?"

"ಇಲ್ಲ" ಅಂದೆ.

ಮರುದಿನ ಆಕಿ ಜೋಳಿಗೀನ ಬೇವಿನ ಗಿಡದಿಂದ ಬಿಚ್ಚಿ, ಬಾವಿಗೆ ದೂರ ಆಗಲಿ ಅಂತ ಈಕಡಿ ಬದುವಿನ ಜಾಲಿ ಗಿಡಕ್ಕ ಕಟ್ಟಿದ್ಲು. "ಆ ಮಂದೀನ ತಗದ ಹಾಕ ಶಂಕ್ರಕ್ಕಾ, ನಿನ್ನ ಕಾಲ ಬೀಳತೇನಿ" ಅಂದ್ಲು. "ಏ ಹುಚ್ಚಿ, ಆಟದಾಗ ಅಂಜಿಕಿ ಬ್ಯಾಡೇನು?" ಅಂತ ನಕ್ಕೆ. ಎರಡು ದಿನ ಬಿಟ್ಟು ಭರಮಕ್ಕ ಸಾಲ ಬಿಟ್ಟು ಓಡಿಬಂದ್ಲು, ಮಾರಿ ಬೂದಿ ಬಣ್ಣ ಆಗಿತ್ತು. ಬಾವಿ ಕಡಿಂದ ನನ್ನ ದನಿಲೆ ಯಾರೋ "ಭರಮಕ್ಕಾ" ಅಂದ್ರಂತ. ನಾ ಅಲ್ಲೇ ಗುತ್ತೆವ್ವನ ಮಗ್ಗಲ ನಿಂತಿದ್ದೆ. ಅವತ್ತಿನಿಂದ ಬಾವಿ ಕಡಿ ಸಾಲಿಗೆ ಅವರಿಬ್ಬರೂ ಹೋಗವಲ್ರು, ಅದು ನನ್ನ ಪಾಲಿಗೆ ಬಿತ್ತು. ಖರೇ ಹೇಳಬೇಕಂದ್ರ ನನಗೂ ಆಕಡೆ ಬೆನ್ನು ಮಾಡಿ ನಿಲ್ಲಾಕ ಆಗತಿರಲಿಲ್ಲ. ಹುಟ್ಟಿಸಿದಾಕಿ ನಾನ ಅಂತ ಮನಸ್ಸಿಗೆ ಹೇಳಿಕೊಂಡ್ರೂ ಕುತ್ತಿಗಿ ಹಿಂದ ಯಾರೋ ಉಸರ ಬಿಟ್ಟಂಗ ಆಗತಿತ್ತು.

ಇದಾದ ಮ್ಯಾಲೆ ಒಂದು ಶನಿವಾರ. ಹಿರೇಕೆರೂರಿಗೆ ನಮ್ಮಕ್ಕನ ಮನಿಗೆ ಹೋಗೋದಿತ್ತು ನನಗ. "ನಾ ಲಗೂ ಬಿಡತೇನಿ, ಸಂಜೀ ಬಸ್ಸಿಗೆ ಹೋಗತೇನಿ" ಅಂತ ಇಬ್ಬರಿಗೂ ಹೇಳಿ ಬುತ್ತಿ ಗಂಟು ಹಿಡಕೊಂಡು ಹೊಂಟೆ. ಗಾಳಿ ಎದ್ದಿತ್ತು. ಬಾವಿ ಕಡಿ ಸಾಲಿನ ಟೊಪಗಿ ಹಾರಾಕತ್ತಿದ್ವು. ಟೊಪಗಿ ಹೋದ್ರ ಹುಳ ಹುಪ್ಪಡಿ ಯಾವುದೋ ಪುಡಿ ತಂದು ತೀಡಿ ಬೀಜ ಕೆಡತೈತಿ, ಗೌಡ್ರು ಆ ಸಾಲು ಕಿತ್ತ ಒಗೀತಾರ. ಹಾಕಿದಾಕಿ ನಾನು, ಸುಮ್ನ ಹೆಂಗ ಹೋಗಲಿ? ಒಂದೊಂದ ಆರಿಸಿಕೊಂತ ಕಂಟಿ ಮಟ ಹೋದೆ. ಕೊನೀ ಟೊಪಗಿ ಕಂಟಿಗೆ ಸಿಕ್ಕಿತ್ತು. ಕೈ ಚಾಚಿದೆ, ಕಾಲ ಕೆಳಗಿನ ಕಲ್ಲ ಹೋತು.

ಬಿದ್ದದ್ದು ಕೆಸರಿನ್ಯಾಗ. ನೀರು ಎದಿಮಟ, ಕೆಳಗ ಕೆಸರು ತೊಡಿ ಮಟ. ಒಂದು ಕಾಲು ಹೊಳ್ಳಿ ಉರೀ ಉರೀ. ಎಳದಷ್ಟೂ ಕೆಸರು ಒಳಗ ಜಗ್ಗತಿತ್ತು. ಕೈಗೆ ಗೋಡಿಯೊಳಗಿನ ಒಂದು ಬೇರು ಸಿಕ್ತು, ಅದನ್ನ ಹಿಡಕೊಂಡೆ. ಮ್ಯಾಲೆ ಆಕಾಶ ಒಂದು ಪರಾತಿನಷ್ಟು ಕಾಣತಿತ್ತು. ಹೊತ್ತು ಇಳಿಯಾಕತ್ತಿತ್ತು. ಅವರಿಬ್ಬರೂ ಮನಿಗೆ ಹ್ವಾದ್ರ ಮುಂಜಾನಿತನ ಈ ಹೊಲಕ್ಕ ನರಪಿಳ್ಳಿ ಬರಂಗಿಲ್ಲ. ಅಷ್ಟೊತ್ತಿಗೆ ಕೆಸರು ನನ್ನ ನುಂಗಿರತೈತಿ.

"ಗುತ್ತೆವ್ವಾ! ಏ ಗುತ್ತೆವ್ವಾ!"

ಅವರ ಮಾತು ಕೇಳಾಕತ್ತಿತ್ತು, ಗಪ್ಪನ ನಿಂತಬಿಡ್ತು.

"ಭರಮಕ್ಕಾ! ನಾ ಶಂಕ್ರಿ, ಬಾವ್ಯಾಗ ಬಿದ್ದೇನಿ, ಬರ್ರಬೇ!"

ಭರಮಕ್ಕನ ದನಿ ಕೇಳ್ತು. ನನಗ ಹೇಳಿದ್ದಲ್ಲ, ಗುತ್ತೆವ್ವಗ ಹೇಳಿದ್ದು. "ಓ ಅನ್ನಬ್ಯಾಡ. ಶಂಕ್ರಿ ಬಸ್ಸಿಗೆ ಹೋಗ್ಯಾಳ."

"ಹೋಗಿಲ್ಲಬೇ! ಟೊಪಗಿ ಆರಸಾಕ ಬಂದಿದ್ದೆ! ಆಟ ಸುಳ್ಳು, ಎಲ್ಲಾ ನಾನ ಹುಟ್ಟಿಸಿದ್ದು!"

"ಕೇಳಿದೇನು? ಸುಳ್ಳು ಅಂತ ಹೇಳತಾವು ಅಂತ ಆಕೀನ ಹೇಳಿದ್ಲು."

ಗುತ್ತೆವ್ವನ ಅವ್ವನ ಹೆಸರು ಹೇಳಿದೆ. ಭರಮಕ್ಕನ ಮೊಮ್ಮಕ್ಕಳ ಹೆಸರು ಹೇಳಿದೆ. ಬಾಯಿಗೆ ಬಂದಂಗ ಬೈದೆ, ದೇವರ ಆಣಿ ಹಾಕಿದೆ, ಅತ್ತೆ. ಒಂದೊಂದಕ್ಕೂ ಮೊದಲ ನಾನ ಬಾಗಲಾ ಹಾಕಿ ಕೀಲಿ ಜಡದಿದ್ದೆ. ಹೆಜ್ಜಿ ಸಪ್ಪಳ ಓಡಿದ್ವು, ದೂರ ಆದ್ವು, ನಿಂತ್ವು. ಆಮ್ಯಾಲೆ ಏನೂ ಇಲ್ಲ.

ನೀರು ಹೆಗಲಿಗೆ ಬಂದಿತ್ತು. "ಗುತ್ತೆವ್ವಾ" ಅಂತ ಇನ್ನೊಂದು ಸಲ ಕೂಗಿದೆ. ಬಾವಿ ಗೋಡಿ ತಿರುಗಿ "ಗುತ್ತೆವ್ವಾ" ಅಂತು. ನಾ ಬಾಯಿ ಮುಚ್ಚಿದೆ. ಬಾಯಿ ಮುಚ್ಚಿದ ಮ್ಯಾಲೂ ನನ್ನ ಬೆನ್ನ ಹಿಂದಿನ ಕತ್ತಲದಾಗ ಅದು ಇನ್ನೊಂದು ಸಲ ಅಂತು. ಅಂತೋ, ನನ್ನ ಕಿವೀನ ಅಂತೋ, ಇವತ್ತಿಗೂ ಗೊತ್ತಿಲ್ಲ. ಹೊಳ್ಳಿ ನೋಡಲಿಲ್ಲ. ಯವ್ವಾ, ಅಂಥಾ ಅಂಜಿಕಿ ನನ್ನ ಹಡದವ್ವ ಸತ್ತಾಗೂ ಆಗಿರಲಿಲ್ಲ. ಇನ್ನ ಕೂಗಾಕ ಧೈರ್ಯ ಬರಲಿಲ್ಲ, ಬರೇ ಅಳಾಕತ್ತೆ.

ಆಗ ಮ್ಯಾಲೆ ಕಂಟಿ ಸರ್ ಅಂತು. ಸೀರಿಯೊಂದು ಗೋಡಿ ಗುಂಟ ಇಳೀತು, ಕೂಸಿನ ಜೋಳಿಗಿ ಸೀರಿ. ಮ್ಯಾಲಿಂದ ಗುತ್ತೆವ್ವ "ಓ" ಅಂದ್ಲು. "ಓ, ಬಂದೇನಿ. ಹಿಡಕೋ."

ಸೀರಿ ಇನ್ನೊಂದು ತುದಿ ಬೇವಿನ ಗಿಡಕ್ಕ ಸುತ್ತಿದ್ಲು. ಆಕಿ ಜಗ್ಗತಿದ್ಲು, ನಾ ಬೇರು, ಕಲ್ಲು, ಸಿಕ್ಕದ್ದನ್ನ ಹಿಡಕೊಂಡು ತೆವಳಿದೆ. ಕೆಸರು ಬಿಡವಲ್ದಾಗಿತ್ತು. ಬಿಡ್ತು ಅಂಬೂದ್ರಾಗ ಕಾಲಿನ ನೋವಿಗೆ ಕಣ್ಣು ಕತ್ತಲಿ ಬಂತು. ಆಕಿ ಕೈ ನನ್ನ ಮುಂಗೈಗೆ ಬಿದ್ದು ದಂಡಿ ಮ್ಯಾಲೆ ಎಳಕೊಂಡ್ಲು. ಇಬ್ಬರೂ ಹುಲ್ಲಿನ ಮ್ಯಾಲೆ ಬಿದ್ವಿ.

ನೋಡತೇನಿ, ಆಕಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ಲು. ಅಷ್ಟೂ ಹೊತ್ತು ಮುಚ್ಚಿಕೊಂಡ ಜಗ್ಗಿದ್ಲು.

"ಗುತ್ತೆವ್ವಾ, ನಾನ ಅಂತ ಹೆಂಗ ನಂಬಿದಿ?" ಅಂದೆ.

"ನಂಬಿಲ್ಲ."

"ಮತ್ತ ಯಾಕ ಬಂದಿ?"

"ಶಂಕ್ರಕ್ಕನ ದನಿಲೆ ಅಳಾಕತ್ತಿದ್ದಿ. ನೀ ಯಾವುದರ ಇರು, ಆ ದನಿ ಅಷ್ಟು ಅಳೂವಾಗ ಹೆಂಗ ಮನಿಗೆ ಹೋಗಲಿ?"

ನಾ ಆಕಿ ಗಲ್ಲ ಮುಟ್ಟಿದೆ. ಆಕಿ ಸಣ್ಣಗ ನಡಗಿದ್ಲು, ಆದ್ರ ಹಿಂದ ಸರೀಲಿಲ್ಲ. ಕಣ್ಣು ತೆರೀಲಿಲ್ಲ. ಸೆರಗು ಸೊಂಟಕ್ಕ ಬಿಗದು, ಬಾವಿ ಕಡೆ ಮಾರಿ ಮಾಡಿ, ಕೈಯಿಂದ ನೆಲ ತಡವರಸಿಕೊಂತ ಹೇಳಿದ್ಲು.

"ಕೂಸನ್ನ ಭರಮಕ್ಕನ ಕೈಯಾಗ ಕೊಟ್ಟು ಬಂದೇನಿ. ಕೂಸಿನ ಹೆಸರು ಚೆಂದವ್ವ. ನನ್ನ ಮಾರಿ ಹೊತಗೊಂಡು ನೀ ಮನಿಗೆ ಹೋದಾಗ ಹಂಗ ಕರೀ, ಬ್ಯಾರೆ ಹೆಸರಿಗೆ ಸುಮ್ನಾಗಂಗಿಲ್ಲ. ಈಗ ನಾ ಯಾವ ಕಡಿಂದ ಇಳೀಬೇಕು ಹೇಳು."