ಹತ್ತಿರ ಬಂದವರು ಯಾರು

ಹನ್ನೊಂದೂ ಇಪ್ಪತ್ತಕ್ಕೆ ಒಂದು ಹಳದಿ ಹಾಳೆಯನ್ನು ಕಾನೂನಮ್ಮನ ಮುಂದೆ ತಂದಿಟ್ಟರು. ಓದಿ ಸಹಿ ಹಾಕಬೇಕು, ಅಷ್ಟೇ. ಆಮೇಲೆ ಪಕ್ಕದ ಕೋಣೆಯಲ್ಲಿ ಕೀಲಿ ತಿರುಗುತ್ತದೆ, ಅಂಗಳದ ದೊಡ್ಡ ಆಂಟೆನಾ ಬಲವಾದ ರೇಡಿಯೋ ಅಲೆ ಉಗುಳುತ್ತದೆ, ಮೇಲೆ ಗಡಿಯಾಚೆಯವರ ಉಪಗ್ರಹದ ಕಿವಿ ಸುಟ್ಟುಹೋಗುತ್ತದೆ. ತನ್ನವರ ಮಾತು ಕೇಳಿಸದ ಉಪಗ್ರಹ ಸತ್ತಂತೆಯೇ. ಅದರ ಮುಂದೇನು ಎಂಬುದನ್ನು ಹಾಳೆಯಲ್ಲಿ ಬರೆದಿರಲಿಲ್ಲ. ಗಡಿಯಲ್ಲಿ ಎರಡೂ ಸೈನ್ಯಗಳು ಮೂರು ವಾರದಿಂದ ಎದುರುಬದುರು ನಿಂತಿದ್ದವು.

ಸೈನ್ಯದ ಬಾಹ್ಯಾಕಾಶ ಕೇಂದ್ರಕ್ಕೆಲ್ಲ ಅವಳೊಬ್ಬಳೇ ವಕೀಲೆ. ಕಾನೂನಮ್ಮ ಎಂದು ಹೆಸರಿಟ್ಟಿದ್ದು ಕಂಟ್ರೋಲ್ ರೂಮಿನವರು. ಮೊದಮೊದಲು ಬೆನ್ನ ಹಿಂದೆ, ಈಗೀಗ ಮುಖದೆದುರೇ. ಅವಳ ಸಹಿ ಇಲ್ಲದೆ ಕೀಲಿ ತಿರುಗಿಸುವಂತಿಲ್ಲ ಎಂಬುದು ನಿಯಮ. ಎರಡು ವರ್ಷದಲ್ಲಿ ಆ ನಿಯಮಕ್ಕೆ ಕೆಲಸ ಬಿದ್ದಿದ್ದು ಇವತ್ತೇ.

"ಮೇಡಂ, ಏನು ಪರೀಕ್ಷೆ ಬರೀತಿದ್ದೀರಾ?" ಕೇಂದ್ರದ ಮುಖ್ಯಸ್ಥರು ತಲೆಯ ಮೇಲೇ ನಿಂತಿದ್ದರು. "ಅವರ ಉಪಗ್ರಹ ನಿನ್ನೆ ಈ ಹೊತ್ತಿಗೆ ನಮ್ಮದರಿಂದ ಎಂಬತ್ತು ಕಿಲೋಮೀಟರ್ ದೂರ ಇತ್ತು. ಈಗ ಎಂಟು. ಹನ್ನೆರಡೂ ಇಪ್ಪತ್ತಕ್ಕೆ ಐದಾಗುತ್ತೆ. ನಮ್ಮದನ್ನ ಅದು ಹಿಡ್ಕೊಂಡ ಮೇಲೆ ಸಹಿ ಹಾಕ್ತೀರಾ?"

"ಹತ್ತಿರ ಬರೋದೇ ದಾಳಿ ಅಂತ ಯಾವ ಒಪ್ಪಂದದಲ್ಲೂ ಇಲ್ಲ ಸರ್. ನೆಲದ ಮೇಲಿನ ಕಾನೂನೇ ಆಕಾಶಕ್ಕೂ. ಅವರು ಹೊಡೆದ್ರೆ ನಾವು ತಡೀಬಹುದು."

"ಯಾರಾದ್ರೂ ಕತ್ತಿ ಹಿಡ್ಕೊಂಡು ನಿಮ್ಮ ಮನೆ ಬಾಗಿಲಿಗೆ ಬಂದ್ರೆ ಒಪ್ಪಂದ ಹುಡುಕ್ತಾ ಕೂರ್ತೀರಾ?"

"ಕತ್ತಿ ಯಾರು ನೋಡಿದ್ರು?"

"ಅವರ ಉಪಗ್ರಹಕ್ಕೆ ಹಿಡಿಯೋ ಕೈ ಇದೆಯಲ್ಲ! ಹೋದ ವರ್ಷ ತಮ್ಮದೇ ಹಳೇ ಉಪಗ್ರಹವನ್ನ ಎಳ್ಕೊಂಡು ಹೋಗಿದ್ದನ್ನ ಇಡೀ ರೂಮು ನೋಡಿದೆ."

ಅದೂ ಸುಳ್ಳಲ್ಲ. ಗಡಿಯ ಸೈನಿಕರ ಮಾತೆಲ್ಲ ಹಾದುಹೋಗುವುದು ತಮ್ಮ ಉಪಗ್ರಹದ ಮೂಲಕ. ಅದು ಹೋದರೆ ಅವರು ಕತ್ತಲಲ್ಲಿ ಬಿದ್ದಂತೆ. ಪೆನ್ನಿನ ಮುಚ್ಚಳ ತೆಗೆದು ಅವಳು ಮತ್ತೆ ಮೊದಲ ಸಾಲಿನಿಂದ ಓದಿದಳು. ಮೂರನೆಯ ಪ್ರಶ್ನೆ: ಎದುರಿನ ಉಪಗ್ರಹದ ಇಂಜಿನ್ ಉರಿದದ್ದು ಯಾವಾಗ? ಉತ್ತರದ ಜಾಗದಲ್ಲಿ ಯಾರೋ ಗಡಿಬಿಡಿಯಲ್ಲಿ ಗೀಚಿದ್ದರು: ಕಂಡಿಲ್ಲ.

ಅವಳು ತಲೆಯೆತ್ತಿ ಗೋಡೆಯ ಪರದೆ ನೋಡಿದಳು. ನಡುಮಧ್ಯೆ ಹಸಿರು ಚುಕ್ಕೆ, ತಮ್ಮದು. ಕದಲದೆ ಕೂತಿತ್ತು. ಕೆಂಪು ಚುಕ್ಕೆ ಕೂದಲೆಳೆಯಷ್ಟೇ ಅದರತ್ತ ಸರಿಯುತ್ತಿತ್ತು. ಈ ಪರದೆಯಲ್ಲಿ ಹಸಿರು ಯಾವತ್ತೂ ಕದಲುವುದಿಲ್ಲ. ಅದನ್ನು ಮಧ್ಯದಲ್ಲೇ ನೆಟ್ಟು ಉಳಿದದ್ದನ್ನೆಲ್ಲ ಸುತ್ತ ಓಡಾಡಿಸುವಂತೆ ಮಾಡಿಟ್ಟಿದ್ದರು. ವರ್ಷಗಟ್ಟಲೆ ನೋಡಿ ನೋಡಿ ಎಲ್ಲರಿಗೂ ಅದೇ ಅಭ್ಯಾಸವಾಗಿತ್ತು.

ಇಂಜಿನ್ ಉರಿಸದ ಉಪಗ್ರಹ ಹತ್ತಿರ ಬಂದದ್ದಾದರೂ ಹೇಗೆ? ಅವಳು ಪೆನ್ನು ಮುಚ್ಚಿ ಮೂಲೆಯ ಮೇಜಿಗೆ ನಡೆದಳು.

ಅಲ್ಲಿ ಕೂತಿದ್ದವರು ದಾರಿ ಸಾಹೇಬರು. ಉಪಗ್ರಹ ದಾರಿ ತಪ್ಪದಂತೆ ಆಗಾಗ ಇಂಜಿನ್ ಉರಿಸಿ ಕೊಂಚ ತಳ್ಳುವುದು ಅವರ ಕೆಲಸ. ಆಫೀಸಿನಲ್ಲಿ ಅವಳು ಅವರನ್ನು ಸರ್ ಎನ್ನುತ್ತಿದ್ದಳು. ಮನೆಯಲ್ಲಿ ಅವರು ಗಂಡನ ಅಣ್ಣ. ಮಗು ಹುಟ್ಟಿ, ಅವಳು ಕೇಸುಗಳಿಲ್ಲದೆ ಕೈಕಟ್ಟಿ ಕೂತಿದ್ದಾಗ ಈ ಕೆಲಸಕ್ಕೆ ಅರ್ಜಿ ಹಾಕಿಸಿದ್ದೇ ಅವರು.

"ಸರ್, ನಿನ್ನೆ ನಮ್ಮದನ್ನ ತಳ್ಳಿದ್ರಾ? ದಾಖಲೆ ಪುಸ್ತಕದಲ್ಲಿ ಇಲ್ಲ."

"ಶುಕ್ರವಾರ ಎಲ್ಲಾ ಒಟ್ಟಿಗೆ ಬರೀತೀವಲ್ಲ. ಇಲ್ಲಿ ಯಾವಾಗಲೂ ಹಾಗೇ." ಅವರು ಕಣ್ಣೆತ್ತಲಿಲ್ಲ.

ಅವಳು ಕುರ್ಚಿ ಎಳೆದುಕೊಂಡು ದನಿ ತಗ್ಗಿಸಿದಳು. "ಭಾವ, ಎಷ್ಟು ಹೊತ್ತು ತಳ್ಳಿದ್ರಿ?"

ಅವರು ದನಿ ಇನ್ನೂ ತಗ್ಗಿಸಿದರು. "ಎರಡು ನಿಮಿಷ ಅಂತ ಹಾಕ್ಬೇಕಿತ್ತು. ಇಪ್ಪತ್ತು ಅಂತ ಒತ್ತಿದೀನಿ. ಇವತ್ತು ಬೆಳಿಗ್ಗೆ ನೋಡ್ಕೊಂಡೆ. ಅಷ್ಟರಲ್ಲಿ ಇವರೆಲ್ಲ ದಾಳಿ ದಾಳಿ ಅಂತ ಎದ್ದು ಕೂತಿದ್ರು. ಬಾಯೇ ಬರ್ಲಿಲ್ಲ."

"ಅಯ್ಯೋ ಭಾವ."

"ಇನ್ನು ಮೂರೇ ತಿಂಗಳು ಕಣಮ್ಮ ನನ್ನ ಸರ್ವಿಸು. ನೀನು ಬೇಡ ಅಂತ ಬರೆದುಬಿಡು, ಕಾರಣ ಏನಾದ್ರೂ ಕೊಡು. ನಾನು ಸದ್ದಿಲ್ಲದೆ ಹಿಂದಕ್ಕೆ ತಳ್ತೀನಿ. ಯಾರಿಗೂ ಗೊತ್ತಾಗಲ್ಲ."

ಒಂದು ಗಳಿಗೆ ಅವಳಿಗೂ ಹಾಗೆಯೇ ಅನ್ನಿಸಿತು. ಕಾರಣ ಕೊಡುವುದೇನು ಕಷ್ಟ? ವಕೀಲೆ ತಾನು. ಮನೆ ಮನೆಯಾಗಿ ಉಳಿಯುತ್ತದೆ.

"ಆಚೆಯವರಿಗೆ ಗೊತ್ತಾಗುತ್ತೆ ಭಾವ," ಎಂದಳು. "ಅವರ ಪರದೆ ಮಧ್ಯದಲ್ಲಿ ಅವರದ್ದಿದೆ. ನಿನ್ನೆಯಿಂದ ನಾವೇ ಮೈಮೇಲೆ ಬೀಳೋ ಹಾಗೆ ಬರ್ತಿರೋದನ್ನ ನೋಡ್ತಾ ಕೂತಿರ್ತಾರೆ. ಈಗ ಹೇಳದೆ ಕೇಳದೆ ಮತ್ತೆ ಇಂಜಿನ್ ಉರಿಸಿದ್ರೆ, ದೂರ ಹೋಗೋಕೆ ಅಂತ ಅವರಿಗೇನು ಕನಸು ಬೀಳುತ್ತಾ? ಮೊದಲು ಹೇಳ್ಬೇಕು, ಆಮೇಲೆ ಕದಲಿಸ್ಬೇಕು. ನೀವು ಹೇಳ್ತೀರಾ, ನಾನು ಹೇಳ್ಲಾ?"

ಗೋಡೆಯ ಗಡಿಯಾರದಲ್ಲಿ ಹನ್ನೆರಡಾಗಲು ಎಂಟು ನಿಮಿಷ. ಅವಳು ಕಾಯಲಿಲ್ಲ, ಎದ್ದು ನಿಂತಳು.

"ಸರ್, ಸಹಿ ಹಾಕಲ್ಲ. ಹತ್ತಿರ ಹೋಗಿರೋದು ನಾವು. ನಿನ್ನೆ ನಮ್ಮ ಇಂಜಿನ್ ಇಪ್ಪತ್ತು ನಿಮಿಷ ಉರಿದಿದೆ, ತಪ್ಪಿ."

ಯಾರ ತಪ್ಪೆಂದು ಹೇಳುವ ಅಗತ್ಯವೇ ಬೀಳಲಿಲ್ಲ. ಎಲ್ಲರ ಕಣ್ಣೂ ಮೂಲೆಗೆ ಹೊರಳಿದವು.

ಮುಖ್ಯಸ್ಥರು ಮುಖಕ್ಕೆ ಹೊಡೆದವರಂತೆ ನಿಂತರು. "ಅಂದ್ರೆ, ನಾವೇ ಅವರ ಮಗ್ಗುಲಿಗೆ ಹೋಗಿ, ಬಂದ್ರು ಬಂದ್ರು ಅಂತ ಬಾಯಿ ಬಡ್ಕೊಳ್ತಿದ್ವಾ?" ಯಾರೂ ನಗಲಿಲ್ಲ. "ಈಗ ಅವರಿಗೆ ತಪ್ಪಾಯ್ತು ಅಂತ ಬರೀಬೇಕಾ? ಈ ಹೊತ್ತಲ್ಲಿ?"

"ಇಂಥದ್ದೇ ಹಾಳೆ ಅವರ ಮೇಜಿನ ಮೇಲೂ ಇರಬಹುದು ಸರ್. ಸಹಿ ಹಾಕೋಕೆ ನಮಗಿಂತ ಅವರಿಗೇ ಜಾಸ್ತಿ ಕಾರಣ ಇದೆ."

ಅವರು ಹಲ್ಲು ಕಚ್ಚಿ ಮೇಲಿನವರಿಗೆ ಫೋನ್ ಮಾಡಿದರು. ಅಷ್ಟರಲ್ಲಿ ಅವಳು ಮೂರೇ ಸಾಲು ಬರೆದಳು: ನಮ್ಮ ಉಪಗ್ರಹ ನಮ್ಮದೇ ತಪ್ಪಿನಿಂದ ನಿಮ್ಮದರ ಸಮೀಪ ಬಂದಿದೆ. ಹನ್ನೆರಡೂ ಹದಿನೈದಕ್ಕೆ ಇಂಜಿನ್ ಉರಿಸಿ ದೂರ ಸರಿಸುತ್ತೇವೆ. ದಯವಿಟ್ಟು ನಿಮ್ಮದನ್ನು ಕದಲಿಸಬೇಡಿ.

ಒಪ್ಪಿಗೆ ಬಂತು, ಸಂದೇಶ ಹೋಯಿತು. ಉತ್ತರವಿಲ್ಲ. ಐದು ನಿಮಿಷ. ಎಂಟು. ಯಾರೋ ಕೆಮ್ಮಿದ್ದಕ್ಕೆ ಇನ್ಯಾರೋ ಬೆಚ್ಚಿಬಿದ್ದರು. ಹನ್ನೆರಡೂ ಹದಿಮೂರಕ್ಕೆ ಯಂತ್ರ ಒಂದೇ ಸಾಲು ಕಕ್ಕಿತು: ತಲುಪಿದೆ, ಕದಲಿಸುವುದಿಲ್ಲ.

"ನೀವೇ ತಳ್ಳಿ," ಮುಖ್ಯಸ್ಥರು ಮೂಲೆಯತ್ತ ನೋಡಿ ಹೇಳಿದರು. "ನಿಮ್ಮಷ್ಟು ಚೆನ್ನಾಗಿ ಇಲ್ಲಿ ಯಾರಿಗೂ ಬರಲ್ಲ. ಆಮೇಲೆ ನನ್ನ ರೂಮಿಗೆ ಬನ್ನಿ."

ಭಾವ ಕೀಲಿಮಣೆ ಹತ್ತಿರ ಎಳೆದುಕೊಂಡರು. ಅವಳು ಪಕ್ಕದಲ್ಲಿ ನಿಂತು ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದಳು, ಅವರು ಒತ್ತಿದರು. ಕೆಂಪು ಚುಕ್ಕೆ ಐದು ಕಿಲೋಮೀಟರಿನ ಹತ್ತಿರ ತಡೆದು ನಿಂತಿತು. ಬಹಳ ಹೊತ್ತಿನ ಮೇಲೆ ದೂರ ಐದೂಕಾಲಾಯಿತು. ಭಾವ ಎದ್ದು, ಅವಳ ಕಡೆ ತಿರುಗದೆ ಮುಖ್ಯಸ್ಥರ ಕೋಣೆಗೆ ಹೋದರು.

ಎರಡು ಗಂಟೆಗೆ ಅವಳ ಮೇಜಿನ ಫೋನು ಬಡಿದುಕೊಂಡಿತು. ಭಾವನ ಹೆಂಡತಿ.

"ಯಾಕೆ, ನಿಮ್ಮ ಭಾವ ಫೋನೇ ಎತ್ತುತ್ತಿಲ್ಲ? ಊಟ ಆದ್ಮೇಲೆ ದಿನಾ ಮಾಡೋರು. ಅಲ್ಲೇ ಇದ್ದಾರಾ?"

ಮುಖ್ಯಸ್ಥರ ಕೋಣೆಯ ಬಾಗಿಲು ಇನ್ನೂ ಮುಚ್ಚಿತ್ತು.

"ಇದ್ದಾರೆ ಅಕ್ಕ," ಎಂದಳು. ಇನ್ನೊಬ್ಬರ ಬಾಯಿಂದ ಕೇಳುವುದಕ್ಕಿಂತ ತನ್ನಿಂದಲೇ ಕೇಳಲಿ ಎನ್ನಿಸಿತು. "ಇವತ್ತು ಅವರ ಮೇಲೆ ನಾನೇ ದೂರು ಹೇಳಬೇಕಾಗಿ ಬಂತು. ನೀವು ಸ್ವಲ್ಪ ಕೂತ್ಕೊಳ್ಳಿ."