ಹಲಗೆಯ ಮೂಲೆಯ ಹೆಸರು

ಏಪ್ರಿಲ್ ಮೊದಲ ವಾರ ಮೊಂಟಾನಾದ ಆ ಎತ್ತರದ ನದಿಯಲ್ಲಿ ಮೀನಿಗೂ ಸೋಮಾರಿತನ. ದಡದಲ್ಲಿ ಇನ್ನೂ ಹಿಮ, ನೀರು ಮೂಳೆ ಕೊರೆಯುವಷ್ಟು ತಣ್ಣಗೆ. ಬೆಳಗ್ಗೆ ಆರಕ್ಕೇ ಬಂದು ಗಾಳ ಬೀಸುವವರು ಪೇಟೆಯ ಪೆದ್ದರು. ಊರಿನವರು ಹೊಟ್ಟೆ ತುಂಬ ತಿಂದು ಹನ್ನೊಂದರ ಮೇಲೆ ಬರುತ್ತಾರೆ. ಬಿಸಿಲಿಗೆ ನೀರು ಒಂದಿಷ್ಟು ಕಾದರೆ ಸಣ್ಣ ಹುಳಗಳು ಮೇಲೇಳುತ್ತವೆ, ಟ್ರೌಟ್ ಮೀನು ಬಾಯಿ ತೆರೆಯುತ್ತದೆ. ಆಗ ಗರಿ, ನೂಲಿನಲ್ಲಿ ಕಟ್ಟಿದ ಸುಳ್ಳು ಹುಳವನ್ನು ಅದರ ಮೂಗಿನ ಮುಂದೆ ಇಳಿಬಿಡಬೇಕು.

ಇದನ್ನೆಲ್ಲ ನಲವತ್ತು ವರ್ಷದಿಂದ ಗಾಳದಂಗಡಿಯ ಕರಿಹಲಗೆಯಲ್ಲಿ ಬರೆಯುತ್ತ ಬಂದವನು ಓರ್ವಲ್ ಟ್ವೈಟ್. ಹಲಗೆಯ ಮೂಲೆಯಲ್ಲಿ ಇನ್ನೊಂದು ಪಟ್ಟಿಯೂ ಇರುತ್ತಿತ್ತು. ವಸಂತದಲ್ಲಿ ಟ್ರೌಟ್ ಬಾಲದಿಂದ ತಳ ಗುಡಿಸಿ ಕಲ್ಲುಗಳ ನಡುವೆ ಮೊಟ್ಟೆ ಇಡುತ್ತದೆ. ಆ ಜಾಗ ಮಾತ್ರ ತೊಳೆದಿಟ್ಟಂತೆ ಬೆಳ್ಳಗೆ ಕಾಣುತ್ತದೆ. ಅದನ್ನು ತುಳಿದವರ ಹೆಸರು ಹಲಗೆಗೆ, ಅವರು ವರ್ಷವಿಡೀ ನೀರಿಗಿಳಿಯದೆ ದಡದಲ್ಲೇ ಕೂರಬೇಕು. ಕಟ್ಟಳೆ ಓರ್ವಲ್‌ನದೇ. ಶಿಷ್ಯೆ ಡೆಲ್ಲಾ ಹತ್ತೊಂಬತ್ತರ ವಯಸ್ಸಿನಲ್ಲಿ ತುಳಿದು ಗೋಳೋ ಎಂದು ಅತ್ತಾಗಲೂ ಅವನು ಜಗ್ಗಿರಲಿಲ್ಲ. ಈಗ ಅಂಗಡಿ ಅವಳದು.

ಈ ಸಲ ಓರ್ವಲ್‌ನ ಕಣ್ಣಿನ ನಟ್ಟನಡುವೆ ಒಂದು ಮಸುಕು ಕೂತಿತ್ತು. ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಹೇಳಿದರೆ ನದಿ ಕೈತಪ್ಪುತ್ತದೆಂಬ ಭಯ. ನದಿಗೆ ಇಳಿಯದ ಓರ್ವಲ್ ಹೇಗಿರುತ್ತಾನೆಂದು ಅವನಿಗೇ ಗೊತ್ತಿರಲಿಲ್ಲ.

ಆ ಮಧ್ಯಾಹ್ನ ಇಬ್ಬರೂ ಮೊಟ್ಟೆಯ ಜಾಗ ಗುರುತಿಸಿ, ಎದುರಿನ ಪೊದೆಗಳಿಗೆ ಕೆಂಪು ಬಟ್ಟೆ ಕಟ್ಟುತ್ತ ಹೊರಟರು.

"ಈ ತಿರುವಲ್ಲಿ ಏನೂ ಇಲ್ಲ," ಎನ್ನುತ್ತ ಓರ್ವಲ್ ಊರುಗೋಲು ಊರಿ ನೀರಿಗಿಳಿದ.

"ಗುರುಗಳೇ, ಇವತ್ತೇನು ಹೊಸ ಮದುವಣಗಿತ್ತಿ ಥರ ಹೆಜ್ಜೆ ಇಡ್ತಿದೀರಿ?"

"ನೀನು ಬಾಯಿ ಮುಚ್ಕೊಂಡು ಬಟ್ಟೆ ಕಟ್ಟು."

ನಾಲ್ಕು ಹೆಜ್ಜೆ ಹೋಗಿರಬೇಕು.

"ನಿಲ್ಲಿ! ಕಾಲು ಅಲ್ಲಾಡಿಸ್ಬೇಡಿ!" ಡೆಲ್ಲಾ ಕೂಗಿದಳು.

ಅವನು ಬಗ್ಗಿ ನೋಡಿದ. ಮಸುಕು ಬಿಟ್ಟರೆ ಏನೂ ಇಲ್ಲ. "ಅದರ ಮೇಲೇ ಇದೀನಾ?"

"ಮಧ್ಯದಲ್ಲೇ. ಬಾಗಿಲಷ್ಟು ದೊಡ್ಡದಿದೆ. ಕಾಣ್ಲಿಲ್ವಾ ನಿಮಗೆ?"

"ಇಲ್ಲ ಕಣೇ. ಕ್ರಿಸ್‌ಮಸ್‌ನಿಂದ ಕಾಣ್ತಿಲ್ಲ."

ಅವಳು ಕೈ ಹಿಡಿದು, ಇಟ್ಟ ಹೆಜ್ಜೆಯಲ್ಲೇ ಹಿಂದಕ್ಕೆ ಕರೆತಂದಳು. ದಡದ ಕಲ್ಲಿನ ಮೇಲೆ ಕೂರಿಸಿ ಮೆಲ್ಲಗೆ ಅಂದಳು, "ಯಾರೂ ನೋಡಿಲ್ಲ. ನಾನಂತೂ ಹೇಳಲ್ಲ."

ಅವಳ ಕರುಣೆ ಓರ್ವಲ್‌ಗೆ ನಾಚಿಕೆ ತರಿಸಿತು. "ಅವತ್ತು ನಾನು ನಿನಗೆ ಹೀಗೆ ಹೇಳಿದ್ನಾ?"

"ಎಲ್ಲಿ ಹೇಳಿದ್ರಿ! ಒಂದು ವರ್ಷ ಇದೇ ಕಲ್ಲಿನ ಮೇಲೆ ಕೂತು ನಿಮ್ಮನ್ನ ಬೈಕೊಂಡೆ."

"ಬರೀ ಬೈಕೊಂಡ್ಯಾ?"

"ನದೀನೂ ನೋಡ್ದೆ. ಇನ್ನೇನಿತ್ತು ಮಾಡಕ್ಕೆ? ಕಲ್ತಿದ್ದೆಲ್ಲ ಆ ವರ್ಷವೇ."

ಓರ್ವಲ್ ಊರುಗೋಲನ್ನು ಅವಳ ಕೈಗಿಟ್ಟ. ತಾನು ಕೂತ ಕಲ್ಲನ್ನು ಒಮ್ಮೆ ಸವರಿದ.

ಅಂಗಡಿಗೆ ಬಂದು ಸೀಮೆಸುಣ್ಣ ತೆಗೆದುಕೊಂಡ. ನೀರು ತಣ್ಣಗಿದೆ, ಹುಳ ಏಳುವುದು ಒಂದು ಗಂಟೆಯ ಮೇಲೆ, ಎಂದು ಬರೆದ. ಆಮೇಲೆ ಮೂಲೆಯನ್ನು ಬೆರಳಿಂದ ತಡವಿ, ತನ್ನ ಹೆಸರು ಬರೆದ.

"ಸಾಲು ನೆಟ್ಟಗಿದೆಯಾ?"

ಡೆಲ್ಲಾ ಕಣ್ಣೊರೆಸಿಕೊಂಡಳು. "ಸೊಟ್ಟ ಇದೆ," ಅಂದಳು. "ಆದ್ರೆ ಓದಕ್ಕೆ ಬರತ್ತೆ."