ಮಿಲ್ಟ್ರಿ ಗಾದಿಲಿಂಗಪ್ಪನಿಗೆ ಊರು ಹೇಳಿದ ಧೈರ್ಯ

ಸರ್ಕಾರಕ್ಕೂ ಒಮ್ಮೊಮ್ಮೆ ಬುದ್ಧಿ ಬರುತ್ತದೆ. ಮಂಗಳೂರಿನ ಗಾದಿಲಿಂಗಪ್ಪನ ವಿಷಯದಲ್ಲಿ ಅದು ಹನ್ನೊಂದು ವರ್ಷ ತಡವಾಗಿ ಬಂತು. ಮಂಗಳೂರು ಎಂದರೆ ಸಮುದ್ರದ ಮಂಗಳೂರಲ್ಲ, ಯಲಬುರ್ಗಿ ತಾಲ್ಲೂಕಿನದು. ಇಲ್ಲಿ ನೀರು ಕಾಣಬೇಕಾದರೆ ಬಾವಿಗೆ ಬಗ್ಗಿ ನೋಡಬೇಕು.

ಎಪ್ಪತ್ತೊಂದರ ಯುದ್ಧದಲ್ಲಿ ಗಾದಿಲಿಂಗಪ್ಪನ ಕೆಲಸ ಗಡಿಯ ಹೊಲಗಳಲ್ಲಿ ಹೂತಿಟ್ಟ ಬಾಂಬುಗಳನ್ನು ಹುಡುಕಿ ತೆಗೆಯುವುದು. ಪಿಂಚಣಿ ಪಡೆದು ಊರಿಗೆ ಬಂದು ಎರಡು ವರ್ಷವಾಗಿತ್ತು. ಈ ಎರಡು ವರ್ಷದಲ್ಲಿ ಅವನು ಒಮ್ಮೆಯೂ ಉತ್ತ ಮಣ್ಣಿನ ಮೇಲೆ ಕಾಲಿಟ್ಟಿರಲಿಲ್ಲ. ಬದುವಿನ ಮೇಲೆ ನಡೆಯುತ್ತಿದ್ದ, ಬಂಡಿದಾರಿಯಲ್ಲಿ ನಡೆಯುತ್ತಿದ್ದ. ಮೆತ್ತನೆಯ ಮಣ್ಣು ಕಂಡರೆ ಮಾತ್ರ ಮೊಣಕಾಲು ನಡುಗಿ ಬೆವರು ಕಿತ್ತು ಬರುತ್ತಿತ್ತು. ರೈತನಾಗಿ ಹುಟ್ಟಿ ಹೊಲಕ್ಕೆ ಹೆದರುವುದೆಂದರೆ ಮೀನು ನೀರಿಗೆ ಹೆದರಿದ ಹಾಗೆ. ಯಾರಿಗೆ ಹೇಳುವುದು? ಕೇಳಿದವರಿಗೆಲ್ಲ "ಮಣಕಾಲು ನೋವು" ಎನ್ನುತ್ತಿದ್ದ. ಊರಿನವರು "ಮೈಗಳ್ಳ" ಎನ್ನುತ್ತಿದ್ದರು.

ಹೋದ ವರ್ಷ ಹೊಲ ಬೀಳುಬಿದ್ದಿತ್ತು. ಈ ವರ್ಷ ಕೂಲಿಯವರು ಉತ್ತುಕೊಟ್ಟಿದ್ದರು, ಉತ್ತರಿ ಮಳೆಯೂ ಹದವಾಗಿ ಬಿತ್ತು. ಹದ ಆರುವುದರೊಳಗೆ ಬಿಳಿಜೋಳ ಬಿತ್ತಬೇಕು, ಕೂಲಿಯವರಿಗೆಲ್ಲ ಈಗ ತಮ್ಮ ತಮ್ಮ ಬಿತ್ತನೆ. ಹೆಂಡತಿ ಯಮನೂರಮ್ಮನ ಅಣ್ಣ ಓಬಳೆಪ್ಪ ಬಂದು ಖಡಾಖಂಡಿತವಾಗಿ ಹೇಳಿಹೋಗಿದ್ದ: "ಗುರುವಾರದೊಳಗ ನೀ ಬಿತ್ತಾಕ ಕೂರಿಗಿ ಹೂಡಲಿಲ್ಲಂದ್ರ ನಾ ಹೂಡ್ತೀನಿ. ಆಮ್ಯಾಲ ಆ ಹೊಲ ನನ್ನ ಪಾಲಿಗೆ. ಭೂಮಿ ತಾಯಿನ್ನ ಹಿಂಗ ಬಂಜಿ ಮಾಡಬಾರ್ದಪ." ಭೂಮಿತಾಯಿಯ ಮೇಲೆ ಅವನಿಗೆ ಅಷ್ಟು ಪ್ರೀತಿ, ಅದರಲ್ಲೂ ಭಾವನ ಭೂಮಿತಾಯಿಯ ಮೇಲೆ.

ಅದೇ ವಾರ ಯಲಬುರ್ಗಿಯಲ್ಲಿ ಮೂರು ದಿನದ ತರಬೇತಿ ನಡೆಯಿತು. ಯುದ್ಧದಿಂದ ಬಂದ ಸೈನಿಕರ ಮನಸ್ಸಿಗೆ ಊರಿನವರು ಹೇಗೆ ಧೈರ್ಯ ಕೊಡಬೇಕು ಎಂಬ ತರಬೇತಿ. ಅದಕ್ಕೆ ಸೈನಿಕರನ್ನು ಕರೆದಿರಲಿಲ್ಲ. ಮದುವೆಗೆ ಮದುಮಗ ಏಕೆ ಬೇಕು? ಬಿತ್ತುವ ದಿನಗಳಾದ್ದರಿಂದ ಕೆಲಸವಿದ್ದವರು ಯಾರೂ ಹೋಗಲಿಲ್ಲ, ಪಂಚಾಯತಿ ಜವಾನ ಕನಕಪ್ಪ ಹೋದ. ಬರುವಾಗ ಎದೆಗೊಂದು ಬಿಲ್ಲೆ, ಹೆಗಲಿಗೊಂದು ಚೀಲ, ಕೈಯಲ್ಲೊಂದು ಪುಸ್ತಕ. ಬುಧವಾರ ಬೆಳಿಗ್ಗೆ ಚಾವಡಿ ಕಟ್ಟೆ ಹತ್ತಿ ನಿಂತ.

"ಕೇಳ್ರಿಪಾ, ಡಾಕ್ಟರ್ ಸಾಹೇಬ್ರು ಹೇಳ್ಯಾರ. ಗಾದಿಲಿಂಗಣ್ಣ ಕರೀಲಿ ಬಿಡ್ಲಿ, ನಾವಾಗೇ ಅವನ ಮನಿಗೆ ಹೋಗ್ಬೇಕು. ನೆಲದ ಮ್ಯಾಲ ಅವನ ಸರೀಕ ಕುಂದರಬೇಕು. ನಗಚಾಟಿ ಮಾಡಬಾರ್ದು, ಚಾ ಕೇಳಬಾರ್ದು. ಅವ ಅತ್ರ ಅಳಾಕ ಬಿಡಬೇಕು."

"ಇಷ್ಟ ಏನು?" ಎಂದ ಓಬಳೆಪ್ಪ. "ಇದಕ್ಕ ಮೂರು ದಿನ ಬೇಕಾತೇನಲೇ? ನಮಗ ಗೊತ್ತಿಲ್ದದ್ದೇನು ಇದು!"

ನಿಜ, ಊರಿಗೆ ಗೊತ್ತಿತ್ತು. ಕರೆಯದೆ ಹೋಗುವ, ನೆಲಕ್ಕೆ ಕೂರುವ, ನಗದ, ಚಹಾ ಮುಟ್ಟದ ಮನೆ ಊರಿಗೆ ಒಂದೇ ಬಗೆಯದು ಗೊತ್ತು.

ಹೊತ್ತು ಮಾರುದ್ದ ಏರುವುದರೊಳಗೆ ಐವತ್ತು ಮಂದಿ ಗಾದಿಲಿಂಗಪ್ಪನ ಮನೆ ಸೇರಿದರು. ಗಂಡಸರು ತಲೆಗೆ ಟವೆಲ್ ಹೊದ್ದಿದ್ದರು, ಹೆಂಗಸರು ಬಾಯಿಗೆ ಸೆರಗು ಹಿಡಿದಿದ್ದರು. ಯಾರೋ ಕಂಬಳಿ ಹಾಸಿ ಗಾದಿಲಿಂಗಪ್ಪನನ್ನು ನಡುವೆ ಕೂರಿಸಿದರು. ಸೆಗಣಿ ಕೈಯಲ್ಲಿ ಕೊಟ್ಟಿಗೆಯಿಂದ ಬಂದ ಯಮನೂರಮ್ಮ ಹೊಸ್ತಿಲಲ್ಲೇ ನಿಂತಳು.

"ಯವ್ವಾ, ಯಾರು ಹೋದ್ರು?"

ಮಂದಿ ಗದ್ದ ಎತ್ತಿ ಅವಳ ಗಂಡನನ್ನೇ ತೋರಿಸಿದರು. ಗಂಡ ಬೀಡಿ ಸೇದುತ್ತಿದ್ದ.

"ಲೇ ಕನಕ್ಯಾ, ನಾ ಯಾವಾಗ ಸತ್ತೆ?" ಎಂದ ಗಾದಿಲಿಂಗಪ್ಪ.

"ಮಾತಾಡಣ್ಣಾ, ಮಾತಾಡು, ಮನಸ್ಸು ಹಗರ ಆಕ್ಕೈತಿ," ಎಂದು ಕನಕಪ್ಪ ಅವನ ಕಣ್ಣಲ್ಲಿ ಕಣ್ಣಿಟ್ಟ. ಕಣ್ಣು ನೋಡಬೇಕೆಂದು ತರಬೇತಿಯಲ್ಲಿ ಹೇಳಿದ್ದರು, ನಡುನಡುವೆ ರೆಪ್ಪೆ ಬಡಿಯಬೇಕೆಂದು ಹೇಳಿರಲಿಲ್ಲ.

ಮೂಲೆಯಿಂದ ಒಬ್ಬ ಮುದುಕ ನಿಟ್ಟುಸಿರು ಬಿಟ್ಟ. "ಭಾಳ ಛಲೋ ಮನಷ್ಯಾ ಇದ್ದ."

"ಅದೀನಿ ಮುತ್ಯಾ! ಇನ್ನೂ ಅದೀನಿ!"

ಸಾವಿನ ಮನೆಯಲ್ಲಿ ಮೂರನೆಯ ದಿನ ಎತ್ತುವ ಆಸ್ತಿಯ ಮಾತನ್ನು ಓಬಳೆಪ್ಪ ಮೊದಲ ದಿನವೇ ಎತ್ತಿದ. "ತಂಗೀ, ಹೆಂಗೂ ಮಂದಿ ಕೂಡ್ಯಾರ. ಹೊಲದ್ದೂ ಮುಗಿಸಿಬಿಡೂಣು. ನಾಳಿ ಗುರುವಾರ, ನನ್ನ ಎತ್ತು ತರ್ತೀನಿ."

ಗಾದಿಲಿಂಗಪ್ಪ ಎದ್ದು ನಿಂತ. ಎಲ್ಲರನ್ನೂ ಹೊರಗೆ ಹಾಕುವುದೋ ಓಬಳೆಪ್ಪನೊಬ್ಬನನ್ನೇ ಹಾಕುವುದೋ ಎಂದು ಯೋಚಿಸುವಷ್ಟರಲ್ಲಿ ಮುದುಕಿ ಪಕೀರಮ್ಮ ಅವನ ಕೈ ಹಿಡಿದು ಕೆಳಗೆ ಜಗ್ಗಿದಳು. ಸತ್ತವರ ಮನೆಯಲ್ಲಿ ಹಾಡಾಡಿ ಅಳುವುದರಲ್ಲಿ ಕುಕನೂರಿನವರೆಗೆ ಅವಳನ್ನು ಮೀರಿಸಿದವರಿಲ್ಲ. ಅವಳಿಗೆ ಈಗ ದೊಡ್ಡ ಪೇಚಾಗಿತ್ತು.

"ಅಳಾಕ ಬಂದೀನಿ, ಹೆಣ ಇಲ್ಲ. ಜೀವ ಇದ್ದವ್ಗ ಅತ್ರ ಪಾಪ ಬರ್ತೈತಿ."

"ಹಂಗಾರ ಮನಿಗೆ ನಡಿಯಬೇ."

"ಸುಮ್ನ ಹೋಗಾಕ ಬರೂದಿಲ್ಲೋ. ಕುಂತ ಮ್ಯಾಲ ಅತ್ತ ಏಳಬೇಕು. ನಿನ್ನ ಪೈಕಿ ಸತ್ತವ್ರೊಳಗ ನಾವು ಅಳದ ಬಿಟ್ಟವ್ರು ಯಾರರ ಅದಾರೇನು, ಹೇಳು."

ಬೈಯಲು ಬಾಯಿ ತೆರೆದ ಗಾದಿಲಿಂಗಪ್ಪ. ಬೈಗುಳದ ಬದಲು ಒಂದು ಹೆಸರು ಬಂತು.

"ತಂಗರಾಜ."

"ಯಾವ ಕಡಿಯವ?"

"ಮದ್ರಾಸ್ ಕಡಿಯವ. ನನ್ನ ಜೋಡಿ ಮಿಲ್ಟ್ರಿಯಾಗ ಇದ್ದ."

"ತಾಯಿ ಇದ್ಲೇನು?"

"ಇದ್ಲು. ಇಬ್ರು ತಂಗ್ಯಾರೂ ಇದ್ರು."

"ತಿನ್ನಾಕ ಏನು ಸೇರ್ತಿತ್ತು ಅವ್ಗ?" ಅಂಗಿ ಹೊಲಿಯುವವನು ಅಳತೆ ತೆಗೆದ ಹಾಗೆ ಪಕೀರಮ್ಮ ಕೇಳುತ್ತ ಹೋದಳು. ಇಷ್ಟು ಗೊತ್ತಿಲ್ಲದೆ ಅವಳ ಹಾಡು ಏಳುವುದಿಲ್ಲ.

"ಬೆಲ್ಲ. ಕಿಸೇದಾಗ ಇಟ್ಕೊಂಡು ತಿಂತಿದ್ದ."

"ಹೆಂಗ ಹೋದ?"

ಗಾದಿಲಿಂಗಪ್ಪ ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿದ. ಕನಕಪ್ಪ ಪುಸ್ತಕ ತಿರುವಲು ಹೋದಾಗ ಯಮನೂರಮ್ಮ ಅದನ್ನು ಕಿತ್ತುಕೊಂಡಳು.

"ಉತ್ತ ಹೊಲ ಇತ್ತು. ಅವತ್ತು ಮುಂದ ಹೋಗೂದು ನಾನು. ನನಗ ಜ್ವರ ಬಂದಿತ್ತಂತ ಅವ ಹೋದ. ಮಣ್ಣು ಭಾಳ ಮೆತ್ತಗ ಇತ್ತಬೇ."

ಎರಡು ವರ್ಷದಿಂದ ಅವನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ ಯಮನೂರಮ್ಮ ಗೋಡೆಗೆ ಒರಗಿ ಕುಳಿತುಬಿಟ್ಟಳು.

ಪಕೀರಮ್ಮ ಸೆರಗು ಒಡ್ಡಿ ದನಿ ಎತ್ತಿದಳು. "ಕಿಸೇದಾಗ ಬೆಲ್ಲ ಇಟ್ಟ ಕಂದಾ, ಮೆತ್ತನ್ನ ಮಣ್ಣು ನಿನ್ನ ನುಂಗಿತಲ್ಲೋ, ಇಬ್ರು ತಂಗ್ಯಾರ ಬಾಗಲಾಗ ನಿಂತಾರಲ್ಲೋ..." ಹೆಂಗಸರು ದನಿಗೂಡಿಸಿದರು. ಎಲ್ಲಿಯ ತಂಗರಾಜ, ಎಲ್ಲಿಯ ಮಂಗಳೂರು! ಓಬಳೆಪ್ಪನೂ ಟವೆಲಿನಿಂದ ಕಣ್ಣು ಒರೆಸಿದ, ಒರೆಸದಿದ್ದರೆ ಮಂದಿ ಆಡಿಕೊಳ್ಳುತ್ತಾರೆ. ಗಾದಿಲಿಂಗಪ್ಪ ಮೊಣಕಾಲ ನಡುವೆ ತಲೆ ಇಟ್ಟು ಅತ್ತ. ಯಾರೂ ಬುದ್ಧಿ ಹೇಳಲಿಲ್ಲ. ಆಮೇಲೆ ಸಾವಿನ ಮನೆಯಿಂದ ಏಳುವ ಹಾಗೆ, "ಬರ್ತೀವಿ" ಎನ್ನದೆ ಎಲ್ಲರೂ ಎದ್ದು ಹೋದರು. ಕನಕಪ್ಪ ಸರ್ಕಾರದ ಫಾರಮಿನಲ್ಲಿ "ತರಬೇತಿ ಯಶಸ್ವಿ" ಎಂದು ಬರೆದ. ಪಕೀರಮ್ಮನ ಹೆಸರು ಬರೆಯಲಿಲ್ಲ, ಅವಳಿಗೆ ತರಬೇತಿ ಆಗಿರಲಿಲ್ಲ.

ಗುರುವಾರ ಬೆಳಿಗ್ಗೆ ಗಂಡಹೆಂಡತಿ ಎತ್ತು, ಕೂರಿಗೆ, ಬೀಜ ತೆಗೆದುಕೊಂಡು ಹೊಲಕ್ಕೆ ಹೋದರು. ಬದುವಿನವರೆಗೆ ಸರಿ ಬಂದ ಗಾದಿಲಿಂಗಪ್ಪ ಅಲ್ಲಿಯೇ ನಿಂತ. ಒಂದು ದಿನ ಅತ್ತರೆ ಕಾಲಿಗೆ ಬುದ್ಧಿ ಬರುತ್ತದೆಯೇ? ಎರೆಮಣ್ಣು ಬೆಣ್ಣೆಯ ಹಾಗೆ ಹದವಾಗಿ ಬಿದ್ದಿತ್ತು. ಅವನ ಅಂಗಿ ಆಗಲೇ ಬೆವರಿನಿಂದ ತೊಯ್ದಿತ್ತು.

ಯಮನೂರಮ್ಮ ಎತ್ತಿಗೆ ಕೂರಿಗೆ ಹೂಡಿ ನಿಂತಳು. ದೂರದಲ್ಲಿ ಓಬಳೆಪ್ಪನ ಎತ್ತಿನ ಗೆಜ್ಜೆ ಕೇಳಿಸಿತು.

"ನೀ ಅಲ್ಲೇ ನಿಂದ್ರು. ನಾನ ಹಿಡೀತೀನಿ," ಎಂದು ಸೀರೆ ಕಚ್ಚೆ ಹಾಕಿ ಹೊಲಕ್ಕೆ ಇಳಿದಳು. ಹೆಣ್ಣು ಕೂರಿಗೆ ಹಿಡಿದದ್ದನ್ನು ಆ ಊರು ಕಂಡಿರಲಿಲ್ಲ. ಅವಳ ಕಾಲು ಮೆತ್ತನೆಯ ಮಣ್ಣಿನಲ್ಲಿ ಹಿಮ್ಮಡಿವರೆಗೆ ಇಳಿಯಿತು.

"ನಿಂದ್ರಲೇ!" ಗಾದಿಲಿಂಗಪ್ಪ ಚೀರಿದ. "ಒಂದ ಹೆಜ್ಜಿ ಮುಂದ ಇಟ್ಟಿ ಅಂದ್ರ ನೋಡು!"

"ಮತ್ತ ಯಾರು ಇಡ್ತಾರ?" ಎಂದು ಅವಳು ಇನ್ನೊಂದು ಹೆಜ್ಜೆ ಇಟ್ಟಳು.

ಅವನು ಬದುವಿನಿಂದ ಹಾರಿದ. ಅವಳನ್ನು ಹಿಂದಕ್ಕೆ ನೂಕಿ ಕೂರಿಗೆ ಹಿಡಿದು, ಎತ್ತಿಗೂ ಹೆಂಡತಿಗೂ ಕೂಡಿಯೇ ಬೈದು ಮುಂದೆ ನಡೆದ. ಅವಳು ಹಿಂದೆ ಬೀಜ ಬಿಡುತ್ತ ನಡೆದಳು. ಮೊದಲ ಸಾಲಿನ ಕೊನೆಗೆ ಅವನು ವಾಂತಿ ಮಾಡಿದ. ಎರಡನೆಯದರ ಕೊನೆಗೂ ಮಾಡಿದ. ಮೂರನೆಯದಕ್ಕೆ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ.

ಓಬಳೆಪ್ಪ ಬದುವಿಗೆ ಬಂದು ನಿಂತು ಹಲ್ಲು ಕಿಸಿದ. "ಏನು ಭಾವಾ, ಸಾಲು ಹಾವು ಹರದಂಗ ಅದಾವಲ್ಲಪ!"

"ಡೊಂಕ ಸಾಲಿನ್ಯಾಗ ಜ್ವಾಳ ಡೊಂಕ ಬೆಳೀತಾವೇನು?" ಎಂದ ಗಾದಿಲಿಂಗಪ್ಪ ಬಾಯಿ ಒರೆಸಿಕೊಳ್ಳುತ್ತ. "ನಿನ್ನ ಎತ್ತು ಹೊಡ್ಕೊಂಡು ಮನಿಗೆ ಹೋಗಲೇ. ದಾರಿ ಬಿಡು, ಕೂರಿಗಿ ತಿರುವಬೇಕು."